ಚಳಿಗೆ ಸರಿದ ಗೆರೆ

ನರಿಯ ಮೈಯಲ್ಲಿ ಗುಂಡು ತಾಗಬೇಕಾದ ಜಾಗ ನಮ್ಮೂರಿನ ಜೋಳದ ರೊಟ್ಟಿಗಿಂತ ಸಣ್ಣದು. ನೂರೈವತ್ತು ಮೀಟರ್ ದೂರದಿಂದ, ಸಂಜೆಯ ಮಬ್ಬಿನಲ್ಲಿ, ಮೈನಸ್ ಇಪ್ಪತ್ತೈದರ ಚಳಿಯಲ್ಲಿ ಆ ಜಾಗವನ್ನು ತಪ್ಪದೆ ತೋರಿಸುವ ಬಂದೂಕಿನ ದುರ್ಬೀನು, ಅಂದರೆ ಸ್ಕೋಪು, ಯಾವುದೆಂದು ಆರಿಸುವ ಕೆಲಸ ಆ ಚಳಿಗಾಲ ನನ್ನ ಪಾಲಿಗೆ ಬಂತು. ನಾನು ಇವತ್ತಿಗೂ ಒಂದು ಗುಂಡನ್ನೂ ಹಾರಿಸಿದವಳಲ್ಲ. ಇಲ್ಲಿ ನರಿ ಕಂಡದ್ದೂ ಬಸ್ಸಿನ ಕಿಟಕಿಯಿಂದಲೇ. ಆದರೆ ಗಾಜು, ಲೆನ್ಸು, ಬೆಳಕು ನನ್ನ ಕಸುಬು. ಉತ್ತರ ಸ್ವೀಡನ್ನಿನ ಲುಲೆಯೊದ ಒಂದು ಸಣ್ಣ ಪರೀಕ್ಷಾಲಯದಲ್ಲಿ ಕ್ಯಾಮೆರಾ, ದುರ್ಬೀನು, ಅಳತೆಯ ಯಂತ್ರಗಳನ್ನು ಚಳಿಗೆ ಒಡ್ಡಿ ಅವು ಎಲ್ಲಿ ಕೈಕೊಡುತ್ತವೆ ಎಂದು ನೋಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ.

ಕೆಲಸ ಕೊಟ್ಟದ್ದು ಕರಾವಳಿಯ ಬೇಟೆಗಾರರ ಒಂದು ಸಂಘ. ಇಲ್ಲಿ ಚಳಿಗಾಲದಲ್ಲಿ ಸಮುದ್ರವೇ ಹೆಪ್ಪುಗಟ್ಟುತ್ತದೆ. ನರಿಗಳು ಮಂಜುಗಡ್ಡೆಯ ಮೇಲೆ ನಡೆದುಕೊಂಡೇ ದ್ವೀಪಗಳಿಗೆ ಹೋಗುತ್ತವೆ. ವಸಂತದಲ್ಲಿ ಗಡ್ಡೆ ಕರಗಿದರೆ ಅಲ್ಲೇ ಉಳಿದುಕೊಂಡು, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ, ಮರಿ ಒಂದನ್ನೂ ಬಿಡುವುದಿಲ್ಲ. ಅದಕ್ಕೇ ಗಡ್ಡೆ ಒಡೆಯುವ ಮೊದಲು ನರಿ ಬೇಟೆ. ಸಂಘದ ಒಬ್ಬೊಬ್ಬರದು ಒಂದೊಂದು ಸ್ಕೋಪು, ಚಳಿ ಏರಿದಂತೆ ಒಂದೊಂದರದು ಒಂದೊಂದು ತಕರಾರು. ಎಲ್ಲರಿಗೂ ಒಂದೇ ಬಗೆಯದನ್ನು ಆರಿಸಿಕೊಡಿ ಎಂದು ಅವರು ಕೇಳಿದ್ದರು. ಸಂಘದ ಅಧ್ಯಕ್ಷೆ ಒಬ್ಬರು ದಂತವೈದ್ಯೆ. ಹೆಚ್ಚು ಮಾತಿಲ್ಲದ ಹೆಂಗಸು. ಗಾಯಗೊಂಡ ಪ್ರಾಣಿಯನ್ನು ಹುಡುಕುವ ನಾಯಿಯೊಂದನ್ನು ಸಾಕಿಕೊಂಡಿದ್ದರು. ಗುಂಡು ತಗುಲಿ ಓಡಿಹೋದ ಪ್ರಾಣಿಯನ್ನು ಹಾಗೇ ಬಿಟ್ಟುಬರುವುದು ಈ ದೇಶದಲ್ಲಿ ಕಾನೂನಿಗೂ ವಿರುದ್ಧ, ಮರ್ಯಾದೆಗೂ ಕೇಡು.

ನಮ್ಮಲ್ಲಿ ಈ ಕೆಲಸದ ಪ್ರಾಜೆಕ್ಟ್ ಲೀಡ್ ಭಾಯ್. ಲ್ಯಾಬಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ನಾನು ವಿಜಯಪುರದವಳು, ಮನೆಮಾತು ದಖನಿ. ಅವರು ಮಂಗಳೂರಿನ ಕಡೆಯವರು, ಮನೆಮಾತು ಬ್ಯಾರಿ. ಅವರದು ನನಗೆ ತಿಳಿಯದು, ನನ್ನದು ಅವರಿಗೆ ಅರ್ಧಂಬರ್ಧ. ಹಾಗಾಗಿ ಇಬ್ಬರೂ ಬೆಂಗಳೂರಿನಲ್ಲಿ ಓದುವಾಗ ಕಲಿತ, ಇಂಗ್ಲಿಷ್ ಬೆರೆತ ಕನ್ನಡವೇ ನಮ್ಮ ನಡುವಿನ ಭಾಷೆ. ಈ ಕೆಲಸ ಖಾಲಿ ಇದೆ ಎಂದು ಹೇಳಿದವರು ಅವರು, ಬಾಡಿಗೆ ಮನೆ ಹುಡುಕಿಕೊಟ್ಟವರು ಅವರು. ನನ್ನ ಮಗಳು ಹುಟ್ಟಿದಾಗ ಆಸ್ಪತ್ರೆಗೆ ಬಿರಿಯಾನಿ ಡಬ್ಬಿ ಹಿಡಿದು ಬಂದ ಒಬ್ಬರೇ ಸಹೋದ್ಯೋಗಿ ಕೂಡ ಅವರೇ. ಮಗಳು ಅವರನ್ನು ಮಾಮು ಅನ್ನುತ್ತಾಳೆ. ಅವರು ನನ್ನನ್ನು ತಂಗಿ ಅನ್ನುತ್ತಿದ್ದರು, ಸ್ವೀಡಿಷರಿಗೂ ಹಾಗೆಯೇ ಪರಿಚಯ ಮಾಡಿಸುತ್ತಿದ್ದರು. ನಾನು ನಿಜವಾಗಿಯೂ ತಂಗಿಯೇ ಎಂದು ನಂಬಿದವರು ಇಬ್ಬರು ಮೂವರು ಇದ್ದರು. ಅವರಲ್ಲಿ ನಾನೂ ಒಬ್ಬಳು.

ಐದು ಬಗೆಯ ಸ್ಕೋಪುಗಳು ಬಂದವು, ಪ್ರತಿಯೊಂದರಲ್ಲೂ ಮೂರು. ಕಂಪನಿಗಳ ಹೆಸರು ಹೇಳುತ್ತಾ ಕೂತರೆ ಬೇಸರ ಎಂದು ನಾನೇ ಅಡ್ಡಹೆಸರಿಟ್ಟೆ. ಗಿಡ್ಡ, ದಢೂತಿ, ಮೂಗ, ಮದುಮಗ, ಕೊನೆಯದು ಹಸಿರುಪಟ್ಟಿ. ಅದರ ಕತ್ತಿನ ಸುತ್ತ ಒಂದು ಹಸಿರು ಗೆರೆ ಇತ್ತು. ಮದುಮಗನಿಗೆ ಆ ಹೆಸರು ಬಂದದ್ದು ಮೈತುಂಬ ಗುಂಡಿ ತಿರುಪು ಇದ್ದದ್ದಕ್ಕೆ.

ಪರೀಕ್ಷೆಯ ಸ್ಕೋಪುಗಳನ್ನು ಯಾವುದಾದರೂ ಅಂಗಡಿಯಲ್ಲಿ ಮಾಮೂಲಿ ಗಿರಾಕಿಯಂತೆ ಕೊಂಡು ತರಬೇಕು, ತಯಾರಿಸುವವರಿಗೆ ಸುಳಿವು ಕೊಡಬಾರದು ಎನ್ನುವುದು ನಮ್ಮ ನಿಯಮ. ಪೆಟ್ಟಿಗೆಯ ಮೇಲಿನ ಅಂಗಡಿಯ ಮುದ್ರೆ ನೋಡಿಯೇ ನಾನು ಒಡೆಯುವುದು. ಈ ಸಲ ತಂದವರು ಭಾಯ್. ಎಲ್ಲವನ್ನೂ ಆಗಲೇ ಬಿಚ್ಚಿ, ನನ್ನ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದರು. ನಿನಗೆ ಕೆಲಸ ಕಮ್ಮಿ ಆಗಲಿ ಅಂತ, ಎಂದರು. ತಂದವರು ಭಾಯ್ ಅಂದಮೇಲೆ ಪೆಟ್ಟಿಗೆ ಎಲ್ಲಿ ಎಂದು ಕೇಳುವುದುಂಟೇ? ಅಣ್ಣ ತಂದ ತರಕಾರಿಯನ್ನು ಯಾರಾದರೂ ತೂಕಕ್ಕೆ ಹಾಕಿ ನೋಡುತ್ತಾರೆಯೇ?

ಬೇಟೆಗಾರರಿಗೆ ಹೆಚ್ಚು ಹಿಗ್ಗಿಸಿ ತೋರಿಸುವ ಸ್ಕೋಪಿನ ಮೇಲೆ ಆಸೆ. ನರಿ ಸಣ್ಣದು, ಹದಿನಾರು ಪಟ್ಟು ಹಿಗ್ಗಿಸಿದರೆ ಎಷ್ಟು ಚೆನ್ನ ಎಂಬ ಲೆಕ್ಕ. ಅವರಿಗೆ ಮೊದಲು ತಿಳಿಸಿ ಹೇಳಬೇಕಾದದ್ದು ಬೆಳಕಿನ ವಿಷಯ. ಸ್ಕೋಪಿನಿಂದ ಕಣ್ಣಿಗೆ ಬರುವ ಬೆಳಕಿನ ಕಂಬ, ಹಿಗ್ಗಿಸಿದಷ್ಟೂ ತೆಳುವಾಗುತ್ತದೆ. ಹಗಲಿನಲ್ಲಿ ಗೊತ್ತಾಗುವುದಿಲ್ಲ. ನರಿ ಹೊರಡುವ ಮಬ್ಬಿನಲ್ಲಿ ಮಾತ್ರ ಹದಿನಾರರಲ್ಲಿ ಕಾಣುವುದು ಒಂದು ದೊಡ್ಡ ಬೂದು ಮುದ್ದೆ, ಎಂಟರಲ್ಲಿ ಕಾಣುವುದು ಸಣ್ಣ ನರಿ. ಮುದ್ದೆಗಿಂತ ನರಿಯೇ ಮೇಲು. ಮುಂದಿನ ಲೆನ್ಸು ದೊಡ್ಡದಿರಬೇಕು, ಗುರಿ ಹಿಡಿಯಲು ಒಳಗೆ ಒಂದನ್ನೊಂದು ಹಾಯುವ ಕೂಡುಗೆರೆ ಸಣ್ಣ ಗುರಿಯನ್ನು ಮುಚ್ಚದಷ್ಟು ತೆಳ್ಳಗಿರಬೇಕು, ನಡುವೆ ಮಂದವಾಗಿ ಹೊತ್ತಿಸಬಹುದಾದ ಕೆಂಪು ಚುಕ್ಕೆ ಇರಬೇಕು. ಕಣ್ಣು ತುಸು ಅತ್ತಿತ್ತ ಸರಿದರೂ ಗುರಿ ಕದಲದಂತೆ ದೂರಕ್ಕೆ ತಕ್ಕಹಾಗೆ ಹೊಂದಿಸುವ ಬಳೆ ಇರಬೇಕು. ಆ ಬಳೆ ದಪ್ಪ ಕೈಗವಸಿನಲ್ಲೂ ತಿರುಗಬೇಕು. ಮದುಮಗ ಇಲ್ಲೇ ಸೋತ. ಅವನ ತಿರುಪುಗಳನ್ನು ಬರಿಗೈಯಲ್ಲಿ ತಿರುಗಿಸುವುದೂ ಕಷ್ಟವಿತ್ತು.

ಆಮೇಲೆ ಚಳಿ. ಉಕ್ಕಿನ ದಪ್ಪ ಪಟ್ಟಿಗೆ ಸ್ಕೋಪನ್ನು ಬಿಗಿದು, ತಿರುಪುಗಳನ್ನು ಟಾರ್ಕ್ ರೆಂಚಿನಿಂದ ಒಂದೇ ಅಳತೆಗೆ ಬಿಗಿಮಾಡಿ, ಶೀತಪೆಟ್ಟಿಗೆಯೊಳಗೆ ಇಡುತ್ತೇನೆ. ಪೆಟ್ಟಿಗೆಯ ಗಾಜಿನ ಆಚೆ ಒಂದು ಉದ್ದನೆಯ ಕೊಳವೆ ಇದೆ. ಬಹುದೂರದಲ್ಲಿದೆ ಎಂಬಂತೆ ಕಾಣುವ ಚೌಕುಳಿಯ ಚಿತ್ರವನ್ನು ಅದು ಕೋಣೆಯೊಳಗೇ ತೋರಿಸುತ್ತದೆ. ಕೋಣೆಯ ಬಿಸಿಯಲ್ಲಿ ಕೂಡುಗೆರೆ ಯಾವ ಮನೆಯಲ್ಲಿ ಕೂತಿದೆ, ಮೈನಸ್ ಮೂವತ್ತರಲ್ಲಿ ಎಲ್ಲಿಗೆ ಸರಿಯಿತು, ಮತ್ತೆ ಬೆಚ್ಚಗಾದಾಗ ಹಳೆಯ ಮನೆಗೆ ಬಂತೇ ಎಂದು ಗುರುತಿಸಬೇಕು. ಮೇಲಕ್ಕೆ, ಬಲಕ್ಕೆ, ಕೆಳಕ್ಕೆ, ಎಡಕ್ಕೆ ಅಷ್ಟಷ್ಟೇ ಕ್ಲಿಕ್ ತಿರುಗಿಸಿದರೆ ಹೊರಟಲ್ಲಿಗೇ ಬರಬೇಕು. ಗಿಡ್ಡ ಬರಲಿಲ್ಲ. ಮೂಗನೊಳಗೆ ಮಂಜು ಕಟ್ಟಿತು. ದಢೂತಿ ಸರಿಯಾಗಿ ನಡೆದುಕೊಂಡ, ಆದರೆ ಭಾರ. ಹಸಿರುಪಟ್ಟಿ ಮಾತ್ರ ಕೂತಲ್ಲಿಂದ ಕದಲಲಿಲ್ಲ. ಆ ಚಳಿಯಲ್ಲೂ ಅದರ ಬಳೆ ಬೆಣ್ಣೆಯ ಮೇಲೆ ಬೆರಳಾಡಿಸಿದ ಹಾಗೆ ತಿರುಗಿತು. ನಾನು ಖುಷಿಯಿಂದ ಭಾಯ್ ಅವರನ್ನು ಕರೆದು ತೋರಿಸಿದೆ. ಅವರು ಬಾಗಿ ನೋಡಿ, ನಾನು ಹೇಳಿರಲಿಲ್ವಾ, ಎಂದರು. ಅವರು ಏನೂ ಹೇಳಿರಲಿಲ್ಲ. ನನಗೆ ಆಗ ಅದು ಹೊಳೆಯಲೂ ಇಲ್ಲ.

ನನ್ನ ಹೆಸರಿನಲ್ಲೇ ಶಿಫಾರಸು ಹೋಯಿತು. ಹಸಿರುಪಟ್ಟಿ ಮೊದಲು, ದಢೂತಿ ಎರಡನೆಯದು. ಸಂಘದವರು ಹಸಿರುಪಟ್ಟಿಗೆ ಆರ್ಡರ್ ಹಾಕಿದರು. ಕೆಲವರು ಕಾಯಲಾರದೆ ಅಂಗಡಿಗೆ ಹೋಗಿ ತಾವೇ ಕೊಂಡರು. ದಂತವೈದ್ಯೆಯೂ ಕೊಂಡರು.

ಸ್ವಲ್ಪ ದಿನಕ್ಕೆ ಆಕೆ ಲ್ಯಾಬಿಗೆ ಬಂದರು. ಫೋನ್ ಮಾಡದೆ ಇಲ್ಲಿ ಯಾರೂ ಯಾರಲ್ಲಿಗೂ ಬರುವುದಿಲ್ಲ, ಆದ್ದರಿಂದಲೇ ಏನೋ ಎಡವಟ್ಟಾಗಿದೆ ಅನ್ನಿಸಿತು. ಚೀಲದಿಂದ ಹಸಿರುಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ನರಿ ಅಡ್ಡಲಾಗಿ ನಿಂತಿತ್ತಂತೆ, ಗಾಳಿ ಇರಲಿಲ್ಲವಂತೆ. ಗುಂಡು ಎದೆಗೆ ಬೀಳದೆ ಹಿಂದಿನ ತೊಡೆಗೆ ಬಿದ್ದಿತು. ನರಿ ಮೂರು ಕಾಲಿನಲ್ಲಿ ಮಂಜುಗಡ್ಡೆಯ ಮೇಲೆ ಓಡಿ ಒಂದು ದ್ವೀಪದ ದೋಣಿಮನೆಯ ಅಡಿಯಲ್ಲಿ ಸೇರಿಕೊಂಡಿತ್ತು. ನಾಯಿ ಹುಡುಕಿಕೊಡುವ ಹೊತ್ತಿಗೆ ತನ್ನ ಗಾಯವನ್ನೇ ಕಚ್ಚಿಕೊಳ್ಳುತ್ತಾ ಮಲಗಿತ್ತು. ಇಷ್ಟನ್ನೂ ಆಕೆ ಹಲ್ಲಿನ ಹುಳುಕು ವಿವರಿಸುವ ದನಿಯಲ್ಲೇ ಹೇಳಿದರು. ಆಮೇಲೆ, ತಪ್ಪು ನನ್ನದಿರಬಹುದು, ಆದರೂ ಒಮ್ಮೆ ನೋಡಿ, ಎಂದರು.

ಬಕ್ರೀದಿನ ಹಿಂದಿನ ದಿನ ನಮ್ಮ ಅಬ್ಬಾ ಚಾಕು ಮಸೆಯುತ್ತಿದ್ದರು. ಕುರಿಯ ಕಣ್ಣಿಗೆ ಬೀಳದಂತೆ ಹಿತ್ತಲಿನ ಮೂಲೆಯಲ್ಲಿ ಕೂತು ಮಸೆದು, ಉಗುರಿನ ಮೇಲೆ ಎಳೆದು ಹರಿತ ನೋಡುತ್ತಿದ್ದರು. ಜೀವ ತೆಗೆಯುವುದಕ್ಕೆ ಅಪ್ಪಣೆ ಇದೆ, ನರಳಿಸುವುದಕ್ಕೆ ಇಲ್ಲ, ಮೊಂಡ ಚಾಕು ಹಿಡಿದವನ ಪಾಪ ಚಾಕುವಿನದಲ್ಲ ಎನ್ನುತ್ತಿದ್ದರು. ಆಕೆ ಹೋದಮೇಲೆ ನಮ್ಮ ಕಡತ ತೆಗೆದು ನೋಡಿದೆ. ಶಿಫಾರಸಿನ ಕೆಳಗೆ ಇದ್ದದ್ದು ನನ್ನ ಹೆಸರು.

ಆಕೆಯ ಸ್ಕೋಪನ್ನು ಶೀತಪೆಟ್ಟಿಗೆಯಲ್ಲಿ ಇಟ್ಟೆ. ಮೈನಸ್ ಹತ್ತರವರೆಗೆ ಏನೂ ಆಗಲಿಲ್ಲ. ಇಪ್ಪತ್ತು ದಾಟಿದ ಮೇಲೆ ಕೂಡುಗೆರೆ ಎಡಕ್ಕೆ, ಮೇಲಕ್ಕೆ ಸರಿಯತೊಡಗಿತು, ಅಂದರೆ ಗುಂಡು ಬೀಳುವುದು ಬಲಕ್ಕೆ, ಕೆಳಕ್ಕೆ. ನೂರು ಮೀಟರಿಗೆ ಲೆಕ್ಕ ಹಾಕಿದರೆ ಒಂದು ಹಿಡಿ ಅಗಲದಷ್ಟು. ಬಳೆ ತುಕ್ಕು ಹಿಡಿದ ನಲ್ಲಿಯ ಹಾಗೆ ಬಿಗಿದಿತ್ತು. ಒಂದು ಪೀಸ್ ಕೆಟ್ಟದ್ದಿರಬಹುದೆಂದು ಅಂಗಡಿಗೆ ಹೋಗಿ ನಾನೇ ಇನ್ನೆರಡು ತಂದೆ, ಪೆಟ್ಟಿಗೆ ನಾನೇ ಒಡೆದೆ. ಅವೂ ಸರಿದವು. ಭಾಯ್ ತಂದ ಹಳೆಯ ಮೂರನ್ನು ಪಕ್ಕದಲ್ಲಿಟ್ಟು ಮತ್ತೆ ನೋಡಿದೆ. ಅವು ಕದಲಲಿಲ್ಲ. ಹೊರಗಿನಿಂದ ಅವಳಿಜವಳಿ, ಬಳೆ ತಿರುಗುವ ಬಗೆ ನೋಡಿದರೆ ಒಳಗಿನ ಗ್ರೀಸೇ ಬೇರೆ. ಚಳಿಗೆ ಗಟ್ಟಿಯಾಗದ ಗ್ರೀಸು ಹಾಕಿ ಯಾರೋ ಪರೀಕ್ಷೆಗೆಂದೇ ತಯಾರಿಸಿದ ಪೀಸುಗಳು ಅವು.

ಈಗ ಒಬ್ಬ ಸ್ವೀಡಿಷ್ ಇಂಜಿನಿಯರ್ ಆಗಿದ್ದರೆ ಮರುದಿನದ ಮೀಟಿಂಗಿನಲ್ಲಿ ಎದ್ದು ಹೇಳಿಬಿಡುತ್ತಿದ್ದ. ನಾನು ಹೇಳಲಿಲ್ಲ. ದೊಡ್ಡವರ ತಪ್ಪನ್ನು ನಾಲ್ಕು ಜನರ ಮುಂದೆ ಎತ್ತಬಾರದು, ಮನೆಯ ಮಾತು ಮೊದಲು ಮನೆಯಲ್ಲಿ ಆಗಬೇಕು ಎಂದು ಬೆಳೆದವಳು. ಕಂಪನಿಯವರು ಭಾಯ್ ಅವರನ್ನೂ ಯಾಮಾರಿಸಿದ್ದಾರೆ ಎಂದೇ ನನ್ನ ಎಣಿಕೆ. ಸಂಜೆ ಮಗಳನ್ನು ಶಿಶುವಿಹಾರದಿಂದ ಕರೆದುಕೊಂಡು ನೇರ ಅವರ ಮನೆಗೆ ಹೋದೆ. ಅವರ ಹೆಂಡತಿ ಮಗಳಿಗೆ ಬನ್ಸ್ ಕೊಟ್ಟು ಒಳಗೆ ಆಡಿಸಲು ಕರೆದೊಯ್ದರು. ಅಡುಗೆಮನೆಯಲ್ಲಿ ನಾವಿಬ್ಬರೇ.

"ಭಾಯ್, ನೀವು ತಂದಿದ್ದ ಪೀಸ್‌ಗಳು ಬೇರೆ, ಅಂಗಡೀಲಿ ಸಿಗ್ತಿರೋದು ಬೇರೆ. ನಮ್ಗೆ ಮೋಸ ಮಾಡಿದಾರೆ," ಎಂದೆ.

ಅವರು ಚಹಾ ಸೋಸುವುದನ್ನು ನಿಲ್ಲಿಸಲಿಲ್ಲ. "ಗೊತ್ತು ತಂಗಿ. ಅವು ಅಂಗಡೀದಲ್ಲ, ಅವ್ರೇ ಕಳ್ಸಿದ್ದು. ಮುಂದಿನ ಲಾಟ್ ಎಲ್ಲಾ ಹಿಂಗೇ ಬರತ್ತೆ ಅಂತ ಪ್ರಾಮಿಸ್ ಮಾಡಿದಾರೆ."

ಎಷ್ಟು ಸಲೀಸಾಗಿ ಹೇಳಿದರೆಂದರೆ, ನಾನು ತಪ್ಪಾಗಿ ಕೇಳಿಸಿಕೊಂಡೆನೇನೋ ಎಂದು ಇನ್ನೊಮ್ಮೆ ಕೇಳಿದೆ. ಆಗ ವಿವರಿಸಿದರು. ಆ ಕಂಪನಿಯವರು ತಮ್ಮ ಎಲ್ಲ ಸರಕಿನ ಚಳಿಪರೀಕ್ಷೆಯನ್ನೂ ನಮ್ಮ ಲ್ಯಾಬಿಗೇ ಕೊಡುವ ಮಾತುಕತೆ ನಡೆದಿದೆಯಂತೆ. ಅದು ಬಾರದಿದ್ದರೆ ಲ್ಯಾಬಿನಲ್ಲಿ ಒಂದಿಬ್ಬರು ಹೋಗಬೇಕಾಗುತ್ತದೆ. ಕೊನೆಗೆ ಸೇರಿದವರು ಮೊದಲು ಹೋಗಬೇಕೆಂಬುದು ಇಲ್ಲಿನ ನಿಯಮ, ಕೊನೆಗೆ ಸೇರಿದವಳು ನಾನು. ಹಾಗಾಗಿ ಇದೆಲ್ಲ ಒಂದು ಲೆಕ್ಕದಲ್ಲಿ ನನಗಾಗಿಯೇ ಮಾಡಿದ್ದು ಎಂದರು. ನರಿಯ ಕಥೆ ಹೇಳಿದೆ. ಮೊಂಡ ಚಾಕು ಕೊಟ್ಟಂತೆ ಆಗಲಿಲ್ಲವೇ ಭಾಯ್ ಎಂದೆ. ಅದಕ್ಕೆ ಮಾತ್ರ ಅವರ ಮುಖ ಸ್ವಲ್ಪ ಕೆಳಗಾಯಿತು. "ನಂಗೂ ಬೇಜಾರಿದೆ. ನಾನೇ ಮೀಟಿಂಗ್‌ನಲ್ಲಿ ಹೇಳ್ತೀನಿ. ನೀನು ಹೇಳಿದ್ರೆ ಚೆನ್ನಾಗಿರಲ್ಲ, ಸ್ವಲ್ಪ ಟೈಮ್ ಕೊಡು," ಎಂದರು. ನಾನು ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ಎದೆಯ ಮೇಲಿನ ಭಾರ ಇಳಿದ ಹಾಗಾಗಿ ಅವರ ಹೆಂಡತಿ ಮಾಡಿದ ಬನ್ಸ್ ಎರಡು ತಿಂದು ಬಂದೆ.

ಈ ದೇಶದಲ್ಲಿ ತೀರ್ಮಾನಗಳು ಮೀಟಿಂಗಿನಲ್ಲಿ ಆಗುವುದಿಲ್ಲ. ಅವು ಆಗುವುದು ಫಿಕಾದಲ್ಲಿ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ಕಾಫಿ ಕುಡಿಯುವಾಗ ಒಬ್ಬೊಬ್ಬರ ಕಿವಿಗೂ ವಿಷಯ ಹಾಕಿ, ತಲೆ ಆಡಿಸಿಕೊಂಡು, ಆಮೇಲೆ ಮೀಟಿಂಗಿಗೆ ಹೋಗುತ್ತಾರೆ. ಅಲ್ಲಿ ನಡೆಯುವುದು ಬರೀ ಶಾಸ್ತ್ರ. ಇದನ್ನು ನನಗೆ ಕಲಿಸಿದವರೇ ಭಾಯ್. ಆ ವಾರ ಮಗಳಿಗೆ ಜ್ವರ ಬಂದು ನಾನು ಮನೆಯಲ್ಲಿದ್ದೆ. ಫಿಕಾಕ್ಕೆ ಹೋಗಿರಲಿಲ್ಲ.

ಮೀಟಿಂಗಿನಲ್ಲಿ ನಮ್ಮ ಮುಖ್ಯಸ್ಥರು ಮೊದಲು ಕೇಳಿದ್ದೇ ನನಗೆ ನಿದ್ದೆ ಸರಿಯಾಗಿ ಬರುತ್ತಿದೆಯೇ ಎಂದು. ತುಂಬಾ ಒಳ್ಳೆಯ ಮನುಷ್ಯ, ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಸಣ್ಣ ಮಗು, ಚಳಿಗಾಲದ ಕತ್ತಲು, ದೂರದ ದೇಶದಿಂದ ಬಂದವರಿಗೆ ಇದೆಲ್ಲ ಕಷ್ಟ, ಯಾರಿಗಾದರೂ ಕೈ ತಪ್ಪಬಹುದು ಎಂದರು. ನಾನು ಚಳಿಯ ಅಂಕಿಅಂಶಗಳನ್ನು ಪರದೆಯ ಮೇಲೆ ತೋರಿಸಿದೆ. ಎಲ್ಲರೂ ಮೆಲ್ಲಗೆ ತಲೆಯಾಡಿಸಿದರು. ಸ್ಕೋಪು ಹಿಡಿಯುವ ಉಂಗುರಗಳ ತಿರುಪನ್ನು ಸರಿಯಾಗಿ ಬಿಗಿಯದಿದ್ದರೆ ಹೀಗಾಗುತ್ತದಲ್ಲವೇ ಎಂದು ಒಬ್ಬರು ಕೇಳಿದರು. ಅಂಗಡಿಯ ಸ್ಕೋಪುಗಳನ್ನು ಬಿಗಿದದ್ದು ನೀನು ಒಬ್ಬಳೇ ಇದ್ದಾಗ ಅಲ್ಲವೇ ಎಂದು ಇನ್ನೊಬ್ಬರು. ನಾನು ಭಾಯ್ ಕಡೆ ನೋಡಿದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಅವರು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದರು. ಶಿಫಾರಸು ಹಾಗೇ ಇರಲಿ, ತಿರುಪು ಬಿಗಿಯುವ ಬಗ್ಗೆ ಒಂದು ಸಾಲು ಸೇರಿಸೋಣ, ಉಳಿದದ್ದನ್ನು ಭಾಯ್ ನೋಡಿಕೊಳ್ಳಲಿ ಎಂದು ತೀರ್ಮಾನವಾಯಿತು. ಕೊನೆಗೆ ಮುಖ್ಯಸ್ಥರು, ನೀನು ಒಂದು ಸಲ ಲ್ಯಾಬಿನ ಆರೋಗ್ಯ ಸಲಹೆಗಾರರನ್ನು ಕಂಡು ಬಾ, ಇದನ್ನು ಹೇಳಿದ್ದೂ ಅವರೇ, ನಿನ್ನ ಬಗ್ಗೆ ಅವರಿಗೆ ತುಂಬಾ ಕಾಳಜಿ, ಎಂದು ಭಾಯ್ ಕಡೆ ಕೈ ತೋರಿಸಿದರು.

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕಾಳಜಿಗೆ ಏನು ಉತ್ತರ ಕೊಡುವುದು? ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನನ್ನನ್ನು ಆ ಕೆಲಸದಿಂದ ತೆಗೆದಿದ್ದರು. ಅಡುಗೆಮನೆಯಲ್ಲಿ ಅವರು ಒಪ್ಪಿಕೊಂಡ ಮಾತನ್ನು ನಾನು ಆ ಮೇಜಿನ ಮುಂದೆ ಹೇಳಬಹುದಿತ್ತು. ಲ್ಯಾಪ್‌ಟಾಪ್ ಮುಚ್ಚಿದೆ. ಅವರ ಎದುರು, ಅವರ ಬಗ್ಗೆ, ಅಷ್ಟು ಜನರ ನಡುವೆ!

ಕಾರಿಡಾರಿನಲ್ಲಿ ತಡೆದೆ. ಬೆಂಗಳೂರಿನ ಕನ್ನಡ ಎಲ್ಲಿ ಹೋಯಿತೋ, ಊರಿನದು ಬಾಯಿಗೆ ಬಂತು.

"ನಿಮ್ಮ ಮನ್ಯಾಗ ಕುಂತು ನಿಮಗ ಹೇಳಿದ್ನಲ್ರೀ ಭಾಯ್. ಎಲ್ಲಾರ ಮುಂದ ನನ್ನ ಹುಚ್ಚಿ ಮಾಡಿಬಿಟ್ರಲ್ರೀ."

"ಮೆಲ್ಲಗೆ ಮಾತಾಡು," ಎಂದರು. "ಹುಚ್ಚಿ ಅಂತ ಯಾರು ಹೇಳಿದ್ರು? ಟಯರ್ಡ್ ಆಗಿದಾಳೆ ಅಂದೆ, ಅಷ್ಟೇ. ನಿನ್ನ ಒಳ್ಳೇದಕ್ಕೇ ಅಂದಿದ್ದು."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅದರ ಉರಿ ಏನೆಂದು ಅವತ್ತು ಗೊತ್ತಾಯಿತು. ಮನೆಗೆ ಬಂದು ಅತ್ತುಬಿಟ್ಟೆ. ನನ್ನ ಗಂಡ ಇಲ್ಲಿನ ಡೇಟಾ ಸೆಂಟರಿನಲ್ಲಿ ಕೆಲಸ ಮಾಡುತ್ತಾರೆ, ಜಗಳವೆಂದರೆ ಆಗದ ಮನುಷ್ಯ. ಭಾಯ್ ನಮಗೆ ಎಷ್ಟೆಲ್ಲ ಮಾಡಿದ್ದಾರೆ, ಒಂದು ಸ್ಕೋಪಿಗೋಸ್ಕರ ಕೆಡಿಸಿಕೊಳ್ಳಬೇಕೇ ಎಂದರು. ಕೆಡಿಸಿದ್ದು ನಾನಲ್ಲ ಎಂದೆ. ಸಿಟ್ಟು ನೆತ್ತಿಗೇರಿದ್ದರೂ ಭಾಯ್ ಬಗ್ಗೆ ಒಂದು ಏಕವಚನವೂ ಬಾಯಿಂದ ಬರಲಿಲ್ಲ. ಅದಕ್ಕೆ ನನ್ನ ಮೇಲೆಯೇ ಇನ್ನಷ್ಟು ಸಿಟ್ಟು ಬಂತು.

ಎರಡು ದಾರಿ ಇತ್ತು. ಆರೋಗ್ಯ ಸಲಹೆಗಾರರನ್ನು ಕಂಡು, ಹೌದು ಟಯರ್ಡ್ ಆಗಿದ್ದೇನೆ ಎಂದು ಒಪ್ಪಿಕೊಂಡು ಮುಂದಿನ ಕೆಲಸಕ್ಕೆ ಹೋಗುವುದು ಒಂದು. ಆಗ ಕೆಲಸ ಉಳಿಯುತ್ತದೆ, ಭಾಯ್ ಮನೆಯ ಈದ್ ಊಟ ಉಳಿಯುತ್ತದೆ. ಮಂಜುಗಡ್ಡೆಯ ಮೇಲೆ ಎಷ್ಟು ನರಿಗಳು ಮೂರು ಕಾಲಿನಲ್ಲಿ ಓಡುತ್ತವೋ, ಅವು ನನ್ನ ಲೆಕ್ಕಕ್ಕೆ. ಇನ್ನೊಂದು, ನನ್ನ ಕೈ ತಾಗದ ಪರೀಕ್ಷೆ. ನಾನು ಬಿಗಿದ ತಿರುಪು ಸುಳ್ಳಾದರೆ, ಬೇಟೆಗಾರರೇ ಬಿಗಿದದ್ದು ಸುಳ್ಳಾಗಲಾರದು. ಪರೀಕ್ಷೆಯನ್ನು ಕಣ್ಣಾರೆ ನೋಡುವ ಹಕ್ಕು ಗಿರಾಕಿಗೆ ಇದೆ ಎಂಬುದು ನಮ್ಮ ಒಪ್ಪಂದದಲ್ಲೇ ಇತ್ತು. ದಂತವೈದ್ಯೆಗೆ ಫೋನ್ ಮಾಡಿ ಆ ಹಕ್ಕನ್ನು ಕೇಳಿ ಎಂದೆ. ಆಕೆ ಕಾರಣ ಕೇಳಲಿಲ್ಲ. ನಿಮಗೆ ನಿದ್ದೆ ಇಲ್ಲವೆಂದು ಲ್ಯಾಬಿನವರು ಹೇಳಿದರು, ನಿಜವೇ ಎಂದು ಮಾತ್ರ ಕೇಳಿದರು. ಅವರವರೆಗೂ ಮುಟ್ಟಿಸಿದ್ದರು. ನಿದ್ದೆ ಇದೆ, ನೆಮ್ಮದಿ ಇಲ್ಲ ಎಂದೆ. ಈ ಸಲ ಮುಖ್ಯಸ್ಥರಿಗೂ ಭಾಯ್‌ಗೂ ಉಳಿದವರಿಗೂ ಒಟ್ಟಿಗೇ ತಿಳಿಸಿದೆ, ಒಬ್ಬರ ಕಿವಿಗೆ ಮೊದಲು ಹಾಕಲಿಲ್ಲ.

ಊರಾಚೆಯ ಗುರಿಮೈದಾನದಲ್ಲಿ ಒಂದು ಬೆಚ್ಚನೆಯ ಕೊಠಡಿ ಇದೆ. ಅದರ ಕಿಟಕಿಯ ಬಾಗಿಲೆತ್ತಿ ಒಳಗೆ ಕೂತೇ ಗುಂಡು ಹಾರಿಸಬಹುದು. ಹಸಿರುಪಟ್ಟಿ ಕೊಂಡಿದ್ದ ನಾಲ್ವರು ಬಂದಿದ್ದರು. ಅವರವರ ರೈಫಲ್‌ಗೆ ಅವರವರೇ ಸ್ಕೋಪು ಬಿಗಿದರು. ಐದನೆಯ ರೈಫಲ್ ದಂತವೈದ್ಯೆಯದು, ಅದಕ್ಕೆ ಆಕೆ ತಮ್ಮ ಹಳೆಯ ಸ್ಕೋಪನ್ನೇ ಹಾಕಿದ್ದರು. ಆರನೆಯದಕ್ಕೆ ಭಾಯ್ ತಂದಿದ್ದ ಮೂರರಲ್ಲಿ ಒಂದನ್ನು ನಮ್ಮ ಮುಖ್ಯಸ್ಥರ ಎದುರಿಗೇ ಹಾಕಿಸಿದೆ. ಮೊದಲು ಬೆಚ್ಚಗಿರುವಾಗ ಎಲ್ಲರೂ ಹಾರಿಸಿದರು. ಆರೂ ಗುರಿಹಾಳೆಗಳಲ್ಲಿ ತೂತುಗಳು ನಡುವಿಗೇ ಬಿದ್ದವು. ಆಮೇಲೆ ರೈಫಲ್‌ಗಳನ್ನು ಹೊರಗೆ ಹಲಗೆಯ ಮೇಲೆ ಮಲಗಿಸಿ, ಪಕ್ಕದಲ್ಲೇ ಬೆಂಕಿ ಹಾಕಿಕೊಂಡು ಕಾವಲು ಕೂತರು. ಗುಂಡುಗಳನ್ನು ಮಾತ್ರ ಕೊಠಡಿಯೊಳಗೇ ಇಡಿಸಿದೆ. ಗುಂಡು ತಣ್ಣಗಾದರೆ ಅದೂ ತುಸು ಕೆಳಗೆ ಬೀಳುತ್ತದೆ, ನಾಳೆ ಯಾರೂ ತಪ್ಪನ್ನು ಅದರ ಮೇಲೆ ಹಾಕಬಾರದು. ಉಷ್ಣಮಾಪಕ ಮೈನಸ್ ಇಪ್ಪತ್ತಾರು ತೋರಿಸುತ್ತಿತ್ತು. ಭಾಯ್ ಕಾಫಿ ಹಂಚಿದರು. ನನಗೂ ಒಂದು ಲೋಟ ಕೊಟ್ಟರು. ನಾನು ತೆಗೆದುಕೊಂಡೆ.

ತಣ್ಣಗಾದ ಮೇಲೆ ಮತ್ತೆ ಹಾರಿಸಿದರು. ನಾನು ಕೊಠಡಿಯ ಮೂಲೆಯಲ್ಲಿ ಕೈಕಟ್ಟಿಕೊಂಡು ನಿಂತಿದ್ದೆ, ಏನನ್ನೂ ಮುಟ್ಟಲಿಲ್ಲ. ಗುರಿಹಾಳೆಗಳನ್ನು ತಂದು ಮೇಜಿನ ಮೇಲೆ ಹಾಸಿದರು. ಅಂಗಡಿಯ ನಾಲ್ಕರಲ್ಲೂ ತೂತುಗಳು ಬಲಕ್ಕೆ, ಕೆಳಕ್ಕೆ ಸರಿದಿದ್ದವು. ಹಳೆಯ ಸ್ಕೋಪಿನವು ಇದ್ದಲ್ಲೇ ಇದ್ದವು. ನಮ್ಮ ಪರೀಕ್ಷೆಯ ಹಸಿರುಪಟ್ಟಿಯವೂ ಇದ್ದಲ್ಲೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಲಿಲ್ಲ. ದಂತವೈದ್ಯೆ ಆರನೆಯ ಹಾಳೆಯ ಮೇಲೆ ಬೆರಳಿಟ್ಟು, ಇದನ್ನು ಎಲ್ಲಿಂದ ತಂದದ್ದು ಎಂದು ಕೇಳಿದರು. ಅಂಗಡಿಯಿಂದಲೇ ಎಂದರು ಭಾಯ್. ಯಾವ ಅಂಗಡಿ ಎಂದು ಆಕೆ ಕೇಳಲಿಲ್ಲ. ಮುಖ್ಯಸ್ಥರೂ ಕೇಳಲಿಲ್ಲ. ಇಲ್ಲಿಯವರು ಒಬ್ಬ ಮನುಷ್ಯನಿಗೆ ಮುಖ ಉಳಿಸಿಕೊಳ್ಳಲು ಎಷ್ಟು ಜಾಗ ಬೇಕೋ ಅಷ್ಟು ಬಿಡುತ್ತಾರೆ.

ಶಿಫಾರಸು ವಾಪಸ್ಸಾಯಿತು. ಸಂಘದವರು ಹಸಿರುಪಟ್ಟಿಯ ಆರ್ಡರ್ ರದ್ದು ಮಾಡಿ ದಢೂತಿಯನ್ನು ತರಿಸಿಕೊಂಡರು. ಭಾರವಾದರೂ ಪರವಾಗಿಲ್ಲ, ಹೊರುವವರು ನಾವು, ನರಿಯಲ್ಲ ಎಂದು ದಂತವೈದ್ಯೆ ಬರೆದಿದ್ದರು. ಗಡ್ಡೆ ಒಡೆಯುವ ಮೊದಲು ಬೇಟೆ ಮುಗಿಯಿತು. ಇಲ್ಲಿಗೆ ನಿಂತಿದ್ದರೆ ನಾನೂ ನುಂಗಿಕೊಂಡು ಸುಮ್ಮನಾಗುತ್ತಿದ್ದೆನೇನೋ.

ಮುಂದಿನ ಫಿಕಾದಲ್ಲಿ ಮುಖ್ಯಸ್ಥರು ಕೇಕು ತಂದಿದ್ದರು. ಲ್ಯಾಬಿನ ಹೆಸರು ಉಳಿಯಿತು ಎಂದು ಎಲ್ಲರಿಗೂ ಸಮಾಧಾನ. ಭಾಯ್ ತಟ್ಟೆ ಹಿಡಿದು ಎದ್ದುನಿಂತು ಸ್ವೀಡಿಷ್‌ನಲ್ಲಿ ಮಾತಾಡಿದರು. ತಮಗೆ ಮೊದಲಿನಿಂದಲೂ ಅನುಮಾನವಿತ್ತು, ಮತ್ತೊಮ್ಮೆ ಪರೀಕ್ಷಿಸು ಎಂದು ಹುರಿದುಂಬಿಸಿದ್ದು ತಾವೇ, ದಣಿದಿದ್ದರೂ ಆಕೆ ಬಿಡಲಿಲ್ಲ, ತಂಗಿಯ ಬಗ್ಗೆ ಹೆಮ್ಮೆಯಾಗುತ್ತದೆ ಎಂದರು. ಒಬ್ಬರು ಅವರ ಭುಜ ತಟ್ಟಿದರು. ಆಮೇಲೆ ನನ್ನ ಕಡೆ ಬಾಗಿ, ಮೇಜಿನಲ್ಲಿ ಯಾರಿಗೂ ತಿಳಿಯದ ನಮ್ಮ ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ ಹೇಳಿದರು.

"ಎಲ್ಲಾ ಸರಿಹೋಯ್ತಲ್ಲ ತಂಗಿ. ಇನ್ನು ಬಿಟ್ಬಿಡು. ನಮ್ ನಮ್ಮಲ್ಲೇ ಇರ್ಲಿ."

ನನ್ನ ಕೆಲಸವನ್ನು ಕಸಿದುಕೊಂಡದ್ದು ಒಂದು, ನಿದ್ದೆಗೆಟ್ಟವಳು ಮಾಡಿದ್ದು ಇನ್ನೊಂದು. ಈಗ ನನ್ನ ಸಿಟ್ಟನ್ನೂ ತಮ್ಮ ಹೆಮ್ಮೆ ಮಾಡಿಕೊಂಡು, ಅದಕ್ಕೆ ಮುಚ್ಚಳ ಹಾಕುವುದಕ್ಕೆ ನಮ್ಮಿಬ್ಬರ ಭಾಷೆಯನ್ನೇ ಬಳಸುತ್ತಿದ್ದರು. ಕನ್ನಡದಲ್ಲಿ ಉತ್ತರಿಸಿದ್ದರೆ ಅದು ಮತ್ತೆ ಅಡುಗೆಮನೆಯ ಮಾತಾಗುತ್ತಿತ್ತು. ಕೇಕಿನ ತಟ್ಟೆ ಕೆಳಗಿಟ್ಟೆ. ಸ್ವೀಡಿಷ್‌ನಲ್ಲಿ, ನನ್ನ ತಪ್ಪು ಉಚ್ಚಾರದ ಸ್ವೀಡಿಷ್‌ನಲ್ಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಆ ಮೂರು ಸ್ಕೋಪುಗಳು ಅಂಗಡಿಯವಲ್ಲ, ಕಂಪನಿ ಕಳಿಸಿದ್ದು. ಇದು ಇವರಿಗೆ ಪರೀಕ್ಷೆಗೂ ಮೊದಲೇ ಗೊತ್ತಿತ್ತು. ಇವರ ಮನೆಯಲ್ಲಿ ಇವರೇ ನನಗೆ ಹೇಳಿದರು. ನನಗೆ ನಿದ್ದೆ ಚೆನ್ನಾಗಿ ಬರುತ್ತದೆ."

 ಮುಖ್ಯಸ್ಥರು ಕೇಕಿನ ಚಾಕುವನ್ನು ಕೆಳಗಿಟ್ಟರು. ಭಾಯ್ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ನಾನು ಅವರಿಗೆ ದ್ರೋಹ ಮಾಡಿದೆನೆಂಬ ನೋವು ಇತ್ತು, ನಿಜವಾದ ನೋವು. 

ಅವರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಗದ್ದಲವಿಲ್ಲದೆ ಬೇರೆ ಜವಾಬ್ದಾರಿ ಕೊಟ್ಟರು, ಮೇಜನ್ನು ಕಿಟಕಿಯ ಕಡೆಗೆ ಸರಿಸಿದರು. ಆ ಕಂಪನಿಯ ಕೆಲಸ ಬರಲಿಲ್ಲ. ನನ್ನ ಕೆಲಸ ಸದ್ಯಕ್ಕೆ ಉಳಿದಿದೆ. ಮಗಳು ಮಾಮು ಮನೆಗೆ ಯಾವಾಗ ಹೋಗುವುದು ಎಂದು ಸ್ವೀಡಿಷ್‌ನಲ್ಲಿ ಕೇಳುತ್ತಾಳೆ. ಗಂಡ ನನ್ನ ಮುಖ ನೋಡುತ್ತಾರೆ.

ಮೊನ್ನೆ ಶೀತಪೆಟ್ಟಿಗೆಯ ಕರೆಂಟು ಹೋಯಿತು. ನನ್ನ ಎರಡೂ ಕೈ ಒಳಗೆ ಸಿಕ್ಕಿದ್ದವು, ಕಿಟಕಿಯ ಕಡೆ ಕೂತಿದ್ದ ಭಾಯ್ ಬಿಟ್ಟರೆ ಕೊಠಡಿಯಲ್ಲಿ ಇನ್ಯಾರೂ ಇರಲಿಲ್ಲ. ಅಭ್ಯಾಸಬಲದಿಂದ "ಭಾಯ್, ಒಂಚೂರು ಸ್ವಿಚ್ ಹಾಕಿ" ಎಂದು ಕೂಗಿಬಿಟ್ಟೆ. ಅವರು ಎದ್ದು ಬಂದು ಸ್ವಿಚ್ ಹಾಕಿದರು. ದೀಪ ಹತ್ತಿತೇ ಎಂದು ನೋಡಿದರು. ಆಮೇಲೆ, ಗುರುತಿಲ್ಲದ ಗಿರಾಕಿಯನ್ನು ಕೇಳುವ ಹಾಗೆ, ಶುದ್ಧ ಸ್ವೀಡಿಷ್‌ನಲ್ಲಿ, ಇನ್ನೇನಾದರೂ ಬೇಕಿತ್ತೇ ಎಂದು ಕೇಳಿದರು.